ಬ್ರೆಡ್ಡು, ಹುಳಿ ಹಿಟ್ಟು ಮತ್ತು ನನ್ನ ಹೊಟ್ಟೆ

ಇಲ್ಲಿ ಏನೂ ಬರೀದೆ ಬಹಳ ದಿನ ಆಯ್ತು. ಕಾರಣ ಸೋಮಾರಿತನ ಅಲ್ಲ, ಹೊಟ್ಟೆ. ಅಲ್ಸರೇಟಿವ್ ಕೊಲೈಟಿಸ್ ಅಂತ ಹೆಸರು. ದೊಡ್ಡ ಕರುಳಿನ ಒಳಪದರ ಊದಿ, ಹುಣ್ಣಾಗಿ, ರಕ್ತ ಹೋಗುವ ಕಾಯಿಲೆ. ಇಂಗ್ಲೆಂಡಿಗೆ ಬಂದ ಮೇಲೆ ಶುರುವಾಗಿದ್ದಾದ್ದರಿಂದ ಅಮ್ಮನ ಪ್ರಕಾರ ತಪ್ಪೆಲ್ಲ ಬ್ರೆಡ್ಡಿನದು. "ದಿನಾ ಆ ಹತ್ತಿಯಂಥದ್ದನ್ನ ತಿಂದ್ರೆ ಇನ್ನೇನಾಗುತ್ತೆ?"

ಮಾತು ತಲೆಯಲ್ಲಿ ಕೊರೀತಾ ಇತ್ತು, ಹುಡುಕಿದೆ. ನಮ್ಮ ಹ್ಯಾರೋದಿಂದ ಹೋಗೋ ಮೆಟ್ರೋಪಾಲಿಟನ್ ಲೈನಿನಲ್ಲೇ ಚಾರ್ಲಿವುಡ್ ಅನ್ನೋ ಊರು ಸಿಗುತ್ತೆ. 1961ರಲ್ಲಿ ಅಲ್ಲಿನ ಬೇಕರಿ ಸಂಶೋಧನಾಲಯದಲ್ಲಿ ಹುಟ್ಟಿದ ವಿಧಾನದಲ್ಲೇ ಇವತ್ತಿಗೂ ಬ್ರಿಟನ್ನಿನ ಬಹುಪಾಲು ಬ್ರೆಡ್ ತಯಾರಾಗೋದು. ಹಿಟ್ಟನ್ನು ಗಂಟೆಗಟ್ಟಲೆ ಹುದುಗೋಕೆ ಬಿಡೋ ಬದಲು ಕೆಲವೇ ನಿಮಿಷ ಭಾರೀ ವೇಗದಲ್ಲಿ ಮಿಕ್ಸರಿನಲ್ಲಿ ತಿರುವಿಬಿಡ್ತಾರೆ. ಜೊತೆಗೆ ಜಾಸ್ತಿ ಯೀಸ್ಟ್, ಸ್ವಲ್ಪ ಗಟ್ಟಿ ಕೊಬ್ಬು, ವಿಟಮಿನ್ ಸಿ. ರಾತ್ರಿ ರುಬ್ಬಿಟ್ಟು ಬೆಳಿಗ್ಗೆ ದೋಸೆ ಹುಯ್ಯೋರಿಗೆ ಇದೆಂಥಾ ಅವಸರ ಅನ್ನಿಸದೇ ಇರುತ್ತಾ!

ಸೌರ್‌ಡೋ ಅನ್ನೋ ಹಳೇ ಕ್ರಮ ನಮ್ಮ ದೋಸೆ ಹಿಟ್ಟಿನ ನೆಂಟ. ಗೋಧಿಯಲ್ಲಿ ಫ್ರಕ್ಟಾನ್ ಅಂತ ಒಂದಿದೆ, ಸಣ್ಣ ಕರುಳಿಗೆ ಅದು ಅರಗೋದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಗ್ಯಾಸ್ ಮಾಡ್ತವೆ. ಹಿಟ್ಟು ನಿಧಾನವಾಗಿ ಹುಳಿ ಬಂದರೆ ಫ್ರಕ್ಟಾನಿನ ಒಂದು ದೊಡ್ಡ ಪಾಲು ಅಲ್ಲೇ ಖರ್ಚಾಗುತ್ತೆ.

ಸರಿ, ನಾನೂ ಜಾಡಿಯಲ್ಲಿ ಹುಳಿ ಹಿಟ್ಟು ಸಾಕಿದೆ. ಮೊದಲ ಮೂರು ಬ್ರೆಡ್ಡು ಗೋಡೆ ಕಟ್ಟೋಕೆ ಲಾಯಕ್ಕು :-) ನಾಲ್ಕನೇದು ಬಂತು. ಒಂದು ತಿಂಗಳಲ್ಲಿ ಹೊಟ್ಟೆಯುಬ್ಬರ, ಗುಡುಗುಡು ಎಲ್ಲ ಇಳೀತು. ಗೆದ್ದೆ ಅಂದ್ಕೊಂಡು, ಯಾರಿಗೂ ಹೇಳದೆ ಮೆಸಲಜೀನ್ ಮಾತ್ರೆ ನಿಲ್ಲಿಸಿದೆ.

ಎರಡು ತಿಂಗಳಿಗೆ ಮತ್ತೆ ರಕ್ತ. ದಿನಕ್ಕೆ ಹತ್ತು ಸಲ ಓಟ, ಆಮೇಲೆ ಸ್ಟೀರಾಯ್ಡು, ಮುಖವೆಲ್ಲ ಊದಿ ಪೂರಿ. ನರ್ಸಮ್ಮ ಬೈಯಲಿಲ್ಲ, ಅದೇ ನಾಚಿಕೆ ಆಗಿದ್ದು. ಗ್ಯಾಸ್ ಬೇರೆ, ಕರುಳಿನ ಉರಿಯೂತ ಬೇರೆ ಅಂತ ಬಿಡಿಸಿ ಹೇಳಿದ್ರು. ಮೊದಲನೇದು ನನಗೆ ಗೊತ್ತಾಗುತ್ತೆ. ಎರಡನೇದು ಒಳಗೊಳಗೇ ಶುರುವಾಗಿರಬಹುದು, ಅದಕ್ಕೇ ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ. ಬ್ರೆಡ್ಡು ಬದಲಾಯಿಸಿದ್ರೆ ಹುಣ್ಣು ಮಾಯುತ್ತೆ ಅನ್ನೋಕೆ ಆಧಾರ ಇಲ್ಲ. ಆಹಾರಕ್ಕೆ ಸೇರಿಸೋ ಕೆಲವು ಎಮಲ್ಸಿಫೈಯರ್‌ಗಳು ಇಲಿಗಳ ಕರುಳನ್ನು ಕೆಡಿಸಿದ್ದು 2015ರ ಒಂದು ಪ್ರಯೋಗದಲ್ಲಿ ಕಂಡಿದೆ ನಿಜ, ಆದ್ರೆ ನಾನು ಇಲಿ ಅಲ್ಲವಲ್ಲ.

ಈಗ ಜಾಡಿಯೂ ಇದೆ, ಪಕ್ಕದಲ್ಲೇ ಮಾತ್ರೆ ಡಬ್ಬಿಯೂ ಇದೆ. ಅಮ್ಮನಿಗೆ ಬ್ರೆಡ್ಡಿನ ಫೋಟೋ ಮಾತ್ರ ಕಳಿಸಿದ್ದೀನಿ. ಮಾತ್ರೆ ಬಿಟ್ಟ ಕಥೆ ಹೇಳಿಲ್ಲ. ಊರಿನವರು ಯಾರಾದ್ರೂ ಓದ್ತಾ ಇದ್ರೆ, ದಯವಿಟ್ಟು ನೀವೂ ಹೇಳಬೇಡಿ.