ಗುಂಟೆಯ ವರ್ಗಮೂಲ

ಹಂದನಕೆರೆ ಹೋಬಳಿಯಲ್ಲಿ ತೆಂಗಿನ ತೋಟದ ಮಾತು ಬಂತೆಂದರೆ ಎಕರೆ, ಗುಂಟೆ, ಆಣೆಗಳು ಜೊತೆಗೇ ಬರುತ್ತವೆ. ಗುಂಟೆ ಎಂದರೆ 33 ಅಡಿಗೆ 33 ಅಡಿ, 1,089 ಚದರಡಿ. ಅಂಥ 40 ಸೇರಿದರೆ ಒಂದು ಎಕರೆ. ನನಗೆ ಇಷ್ಟವಾಗುವುದು ಇದರೊಳಗಿನ ಗಣಿತ: ಗುಂಟೆಗೆ ಸರಿಯಾದ ವರ್ಗಮೂಲವಿದೆ, ಎಕರೆಗೆ ಇಲ್ಲ. ಎಕರೆಯನ್ನು ಚೌಕವಾಗಿ ಅಳೆದರೆ ಬದಿ 208.7 ಅಡಿಯ ಆಸುಪಾಸಿಗೆ ಬಂದು, ದಶಾಂಶಗಳು ಮುಗಿಯದೆ ಹೋಗುತ್ತಲೇ ಇರುತ್ತವೆ.

ಬ್ಯಾಂಕಿನ ಪರೀಕ್ಷೆಗೆ ಓದುವ ಮಕ್ಕಳನ್ನು ‘ಡೇಟಾ ಸಫಿಶಿಯೆನ್ಸಿ’ ಎಂಬ ಲೆಕ್ಕ ಬಹಳ ಕಾಡುತ್ತದೆ. ಅಲ್ಲಿ ಉತ್ತರ ಕೇಳುವುದಿಲ್ಲ; ಕೊಟ್ಟ ಮಾಹಿತಿ ಉತ್ತರಕ್ಕೆ ಸಾಕೇ ಎಂದಷ್ಟೇ ಕೇಳುತ್ತಾರೆ. ನಮ್ಮ ಗುಂಟೆಯಲ್ಲೇ ಒಂದನ್ನು ಕಟ್ಟೋಣ. ಚೌಕದ ಹೊಲ ‘ಕ’ ಗುಂಟೆ ಇದೆ, ‘ಕ’ ಪೂರ್ಣಾಂಕ. ಅದರ ಬದಿ ಇಡೀ ಅಡಿಗಳಲ್ಲಿ ಬರುತ್ತದೆಯೇ? ಮೊದಲ ಹೇಳಿಕೆ: √(4ಕ) ಪೂರ್ಣಾಂಕ. ಎರಡನೆಯದು: √(3ಕ) ಪೂರ್ಣಾಂಕವಲ್ಲ.

ಎರಡನೆಯದನ್ನು ಮೊದಲು ಮುಗಿಸೋಣ. 4 ಗುಂಟೆಗೂ ಅದು ನಿಜ, 40 ಗುಂಟೆಗೂ ನಿಜ. ಒಂದರ ಬದಿ 66 ಅಡಿ, ಇನ್ನೊಂದರದು ದಶಾಂಶ. ಹಾಗಾಗಿ ಅದು ಸಾಲದು. ಮೊದಲನೆಯದು ಹಾಗಲ್ಲ. 4ಕ ಸಮಸಂಖ್ಯೆ, ಅದರ ಮೂಲ ಪೂರ್ಣಾಂಕವಾದರೆ ಆ ಮೂಲವೂ ಸಮಸಂಖ್ಯೆಯೇ. ಅದರ ಅರ್ಧವೇ √ಕ, ಆದ್ದರಿಂದ ಅದೂ ಪೂರ್ಣಾಂಕ. ಅದನ್ನು 33ರಿಂದ ಗುಣಿಸಿದರೆ ಬದಿ. ಹೊಲ ಎಷ್ಟು ದೊಡ್ಡದೆಂದು ಇನ್ನೂ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಮಾಹಿತಿ ಸಾಕಾಯಿತು.

ಈಗ ಪ್ರಶ್ನೆಯಿಂದ ‘ಕ ಪೂರ್ಣಾಂಕ’ ಎಂಬ ಎರಡೇ ಪದ ತೆಗೆದುಹಾಕಿ. ಪಹಣಿಯಲ್ಲಿ ನಾಲ್ಕಾಣೆ ಜಾಗವೂ ಇರುತ್ತದಲ್ಲ, ಅಂದರೆ ಕಾಲು ಗುಂಟೆ. ಅದರ ನಾಲ್ಕರಷ್ಟು 1, ಮೂಲವೂ 1. ಹೇಳಿಕೆ ನಿಜವೇ ಆಯಿತು. ಬದಿ ಮಾತ್ರ ಹದಿನಾರೂವರೆ ಅಡಿ! ಇನ್ನು ಎರಡೂ ಹೇಳಿಕೆ ಸೇರಿಸಿದರೂ ಸಾಲದು.

ಶಕುಂತಲಾ ದೇವಿ 1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 201 ಅಂಕಿಗಳ ಸಂಖ್ಯೆಯ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದರು. ಆ ವೇಗಕ್ಕೆ ಕೈಮುಗಿಯಬೇಕು. ಆದರೆ ಸಾಕೋ ಸಾಲದೋ ಎಂದು ತೂಗುವ ಬುದ್ಧಿ ಬೇರೆಯದು, ನನ್ನ ಮಟ್ಟಿಗೆ ಅದೇ ಹಿರಿದು. ಅದೂ ನಮ್ಮ ನೆಲಕ್ಕೆ ಹೊಸದಲ್ಲ. ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ, ಧನದ ವರ್ಗವೂ ಋಣದ ವರ್ಗವೂ ಧನವೇ, ಹಾಗಾಗಿ ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು 9ನೇ ಶತಮಾನದಲ್ಲೇ ಗೆರೆ ಎಳೆದಿದ್ದ. ಅದೇ ಗೆರೆ ಹಿಡಿದು ನೋಡಿದರೆ, ವರ್ಗ 9 ಎಂದಷ್ಟೇ ಹೇಳಿದರೆ ಸಾಲದು, ಸಂಖ್ಯೆ 3 ಇರಬಹುದು, ಋಣ 3 ಇರಬಹುದು; ತೆಂಗಿನ ಸಾಲುಗಳ ಸಂಖ್ಯೆಯ ವರ್ಗ 9 ಎಂದರೆ ಸಾಕು, ಅದು ಮೂರೇ.

ಪ್ರೌಢಶಾಲೆಯ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ವರ್ಗಮೂಲದ ಪಾಠವನ್ನು ಗುಂಟೆಯಿಂದಲೇ ಶುರುಮಾಡಿ. 9 ಗುಂಟೆ ಚೌಕದ ಬದಿ 99 ಅಡಿ ಎಂದು ಮಕ್ಕಳೇ ಹೇಳಲಿ, ಆಮೇಲೆ 10 ಗುಂಟೆಯದನ್ನು ಕೇಳಿ.