ಅಣ್ಣನ 260 ಅಕ್ಷರಗಳು

ಗುಂಡ್ಲುಪೇಟೆಯಿಂದ ಊಟಿ ರಸ್ತೆಯಲ್ಲಿ ಹೊರಟರೆ ಹಂಗಳ ಸಿಗುತ್ತೆ. ಅಲ್ಲಿ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ. ಸ್ವಂತ ಗಾಡಿ ಮೇಲಕ್ಕೆ ಬಿಡಲ್ಲ. ತಪ್ಪಲಿನ ಅರಣ್ಯ ಇಲಾಖೆ ಗೇಟ್ ಹತ್ತಿರ ಗಾಡಿ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ಸಿಗೆ ಕಾಯಬೇಕು. 2024ರ ಶ್ರಾವಣದ ಒಂದು ಶನಿವಾರ ಆ ಕ್ಯೂನಲ್ಲಿ ನಾನು, ನನ್ನ ಅಪ್ಪ ನಿಂತಿದ್ದೆವು. ನಮಗಿಂತ ಹತ್ತು ಜನ ಮುಂದೆ ದೊಡ್ಡಮ್ಮ, ಅವರ ಮಗ ಅಂದರೆ ನನ್ನ ಅಣ್ಣ. ನಮ್ಮ ಎರಡು ಮನೆ ಒಂದೇ ಕ್ಯೂನಲ್ಲಿ ನಿಂತು 18 ವರ್ಷ ಆಗಿತ್ತು.

ನಮ್ಮನ್ನು ಅಲ್ಲಿಗೆ ತಂದು ನಿಲ್ಲಿಸಿದ್ದು ಒಂದು ಜಪಾನಿ ವಿಡಿಯೋ ಗೇಮ್. ನಗಬೇಡಿ, ಪೂರ್ತಿ ಹೇಳ್ತೀನಿ.

2005ರ ಬೇಸಿಗೆ ರಜೆ. ಅಣ್ಣನ ಸೋದರಮಾವ ದುಬೈನಿಂದ ಬರುವಾಗ ಒಂದು ಗೇಮ್ ಬಾಯ್ ಅಡ್ವಾನ್ಸ್ ತಂದಿದ್ದರು. ಜೊತೆಗೆ ‘ಗೋಲ್ಡನ್ ಸನ್’ ಅನ್ನೋ ಆಟದ ಕಾರ್ಟ್ರಿಡ್ಜ್. ಅಣ್ಣನಿಗೆ ಹದಿನೈದು, ನನಗೆ ಹತ್ತು. ಅದರ ಪರದೆಗೆ ಒಳಗಿನ ಬೆಳಕೇ ಇರಲಿಲ್ಲ. ಹಾಗಾಗಿ ಬಿಸಿಲು ಬೀಳುವ ಜಗಲಿಯಲ್ಲೇ ಕೂರಬೇಕು, ಬಿಸಿಲು ಸರಿದ ಹಾಗೆ ನಾವೂ ಸರಿಯಬೇಕು. ಎರಡು ಪೆನ್ಸಿಲ್ ಸೆಲ್ ಬೇಕಿತ್ತು. ನಮ್ಮ ನಡುಮನೆ ಗಡಿಯಾರ ಆ ಬೇಸಿಗೆಯಲ್ಲಿ ಎಷ್ಟು ಸಲ ನಿಂತಿತು ಅಂತ ಅಜ್ಜಿಗೆ ಕೊನೆವರೆಗೂ ಅರ್ಥ ಆಗಲಿಲ್ಲ.

ಕ್ಯಾಮೆಲಾಟ್ ಅನ್ನೋ ಕಂಪನಿ ನಿಂಟೆಂಡೋಗಾಗಿ 2001ರಲ್ಲಿ ಮಾಡಿದ ಆಟ ಅದು. ಐಸಾಕ್ ಅನ್ನೋ ಹುಡುಗನ ಊರಿಗೆ ಒಂದು ಬಿರುಗಾಳಿ ರಾತ್ರಿ ಬೆಟ್ಟದಿಂದ ಬಂಡೆ ಉರುಳಿ ಬರುತ್ತೆ. ಅವನ ಅಪ್ಪ ಮತ್ತು ಸ್ನೇಹಿತೆ ಜೆನ್ನಾಳ ಮನೆಯವರು ಹೊಳೆ ಪಾಲಾಗ್ತಾರೆ. ಮೂರು ವರ್ಷ ಆದ ಮೇಲೆ, ಸತ್ತ ಅಂದುಕೊಂಡಿದ್ದ ಜೆನ್ನಾಳ ಅಣ್ಣ ಫೀಲಿಕ್ಸ್ ಮುಖವಾಡ ಹಾಕಿಕೊಂಡು ಬರ್ತಾನೆ, ಅದೂ ಶತ್ರುಗಳ ಜೊತೆ! ಪವಿತ್ರ ರತ್ನಗಳನ್ನು ಒಯ್ಯುವವರ ಕಡೆ ಅವನಿರುತ್ತಾನೆ. ನಾಲ್ಕು ದೀಪಸ್ತಂಭ ಹಚ್ಚಿಬಿಟ್ಟರೆ ಜಗತ್ತಿಗೆ ಕೇಡು, ತಡೀಬೇಕು ಅಂತ ಐಸಾಕ್ ಅವರ ಹಿಂದೆ ಬೀಳ್ತಾನೆ. ನಾವಿಬ್ಬರೂ ಫೀಲಿಕ್ಸ್‌ಗೆ ಇಟ್ಟ ಹೆಸರು ‘ಕಳ್ಳ’.

ಅಣ್ಣ ಆಡ್ತಿದ್ದ, ನಾನು ಪಕ್ಕದಲ್ಲಿ ಕೂತು ನೋಡ್ತಿದ್ದೆ. ನನಗೆ ಯಾವಾಗಲೂ ಸೋತುಬಿಡುವ ಭಯ. ‘ಗಿಡಮೂಲಿಕೆ ತಗೋ ಅಣ್ಣ, ಇನ್ನೂ ತಗೋ’ ಅಂತ ಪೀಡಿಸ್ತಿದ್ದೆ. ಅವನಿಗೆ ಅದರ ಅಗತ್ಯವೇ ಇರಲಿಲ್ಲ. ಆದರೂ ಪ್ರತಿ ಊರಿನ ಅಂಗಡಿಯಲ್ಲಿ ನನಗೋಸ್ಕರ ಕೊಳ್ತಿದ್ದ.

ಆಟ ಎರಡೇ ದೀಪಸ್ತಂಭಕ್ಕೆ ಮುಗಿದುಹೋಯ್ತು. ಉಳಿದ ಕತೆ ಎರಡನೇ ಭಾಗದಲ್ಲಿ. ಮೊದಲ ಭಾಗದಲ್ಲಿ ಗಳಿಸಿದ್ದನ್ನು ಅಲ್ಲಿಗೆ ಸಾಗಿಸೋಕೆ ಎರಡು ದಾರಿ: ಎರಡು ಗೇಮ್ ಬಾಯ್ ನಡುವೆ ಕೇಬಲ್ ಹಾಕಬೇಕು, ಇಲ್ಲಾ ಪಾಸ್‌ವರ್ಡ್ ಬರೆದುಕೊಳ್ಳಬೇಕು. ಪಾಸ್‌ವರ್ಡ್‌ನಲ್ಲಿ ಮೂರು ಬಗೆ. ಕಂಚಿನದ್ದು 16 ಅಕ್ಷರ, ಬೆಳ್ಳಿಯದ್ದು 61, ಚಿನ್ನದ್ದು 260. ಈಗ ಇಂಜಿನಿಯರ್ ಆಗಿ ಯೋಚಿಸಿದರೆ ಬೆರಗಾಗುತ್ತೆ. ನಮ್ಮ ಬ್ಯಾಂಕ್ ಪಾಸ್‌ವರ್ಡ್ ಬೀಗದ ಕೈ ಇದ್ದ ಹಾಗೆ, ಸಾಮಾನು ಬೇರೆ ಕಡೆ ಇರುತ್ತೆ. ಇಲ್ಲಿ ಹಾಗಲ್ಲ, ಆ ಅಕ್ಷರಗಳೇ ಸಾಮಾನು. ಪಾತ್ರಗಳ ಶಕ್ತಿ, ಕಾಸು, ಚೀಲದಲ್ಲಿರೋ ವಸ್ತು, ದಾರಿಯಲ್ಲಿ ಮಾಡಿದ ಕೆಲವು ಉಪಕಾರ ಎಲ್ಲಾ ಆ 260 ಅಕ್ಷರದ ಒಳಗೇ. ಚಿಕ್ಕ ಪಾಸ್‌ವರ್ಡ್ ಬರೆದರೆ ಕೈ ನೋಯಲ್ಲ, ಆದರೆ ಕಡಿಮೆ ಸಾಗುತ್ತೆ.

ಅಣ್ಣ ಚಿನ್ನದ್ದೇ ಬೇಕು ಅಂದ. ನಾನು ಪರದೆ ನೋಡಿ ಓದೋದು, ಅವನು ಕನ್ನಡ ಕಾಪಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯೋದು. ದೊಡ್ಡ ಕೆ, ಸಣ್ಣ ಕೆ, ಏಳು. ಕೆಲವು ಚಿಹ್ನೆಗೆ ಹೆಸರೇ ಗೊತ್ತಿರಲಿಲ್ಲ, ನಾವೇ ಇಟ್ಟೆವು. ಡಾಲರ್ ಚಿಹ್ನೆ ‘ಹಾವು’. ಅಡ್ಡ ಎರಡು ಗೆರೆ, ಉದ್ದ ಎರಡು ಗೆರೆ ಇರೋದು ‘ಕುಂಟೆಬಿಲ್ಲೆ’. ಬರೆದು ಮುಗಿಸೋ ಹೊತ್ತಿಗೆ ಬಿಸಿಲು ಜಗಲಿ ಬಿಟ್ಟು ಅಂಗಳಕ್ಕೆ ಇಳಿದಿತ್ತು.

ಮರುವರ್ಷ, 2006ರಲ್ಲಿ, ಮನೆ ಒಡೀತು.

ದೊಡ್ಡಪ್ಪ ಅಪ್ಪನಿಗೆ ಸರಿಯಾಗಿ ಹೇಳದೆ ಒಂದೂವರೆ ಎಕರೆ ಮಾರಿದರು. ನೀರಿದ್ದ ಒಂದೇ ಬೋರ್‌ವೆಲ್ ಆ ತುಂಡಿನಲ್ಲಿತ್ತು. ದುಡ್ಡು ಏನಾಯ್ತು ಅಂತ ಕೇಳಿದರೆ ದೊಡ್ಡಪ್ಪ ‘ಸಾಲ ಇತ್ತು ಬುಡು’ ಅಂತ ಮಾತ್ರ ಅಂದರು. ದುಡ್ಡು ಭಾಮೈದನ ಜೊತೆ ದುಬೈಗೆ ಹೋಯ್ತು ಅಂತ ಊರು ಮಾತಾಡಿತು. ಅಪ್ಪ ನಂಬಿದರು. ನಡುಮನೆಗೆ ಗೋಡೆ ಬಂತು. ಗೇಮ್ ಬಾಯ್ ಗೋಡೆಯ ಆ ಕಡೆ, ಕಾಪಿ ಪುಸ್ತಕ ಈ ಕಡೆ ಉಳೀತು.

ಗೋಡೆ ಎದ್ದ ತಿಂಗಳಿಗೇ ಅಣ್ಣ ನಮ್ಮ ಬಾಗಿಲಿಗೆ ಬಂದ. ಎರಡನೇ ಭಾಗದ ಕಾರ್ಟ್ರಿಡ್ಜ್ ಅವನ ಕೈಗೆ ಬಂದಿತ್ತು.

‘ಆ ಪುಸ್ತಕ ಅದಾ ಮಗ?’

ಪುಸ್ತಕ ನನ್ನ ಚೀಲದಲ್ಲೇ ಇತ್ತು. ಒಳಗಡೆ ಅಪ್ಪ ಕೆಮ್ಮಿದರು. ನಾನು ‘ಇಲ್ಲ, ಹರಿದು ಹಾಕ್ದೆ’ ಅಂದೆ. ನಮ್ಮ ದುಡ್ಡಲ್ಲಿ ಬಂದ ಆಟ ಅದು ಅಂತ ನನ್ನ ಲೆಕ್ಕ. ಆಟ ಬಂದಿದ್ದು ಜಮೀನು ಮಾರೋಕೆ ಒಂದು ವರ್ಷ ಮೊದಲು ಅನ್ನೋ ಸರಳ ವಿಷಯ ಹನ್ನೊಂದು ವರ್ಷದ ತಲೆಗೆ ಹೊಳೆಯಲಿಲ್ಲ. ನಿಜ ಹೇಳಬೇಕು ಅಂದರೆ, ಮೂವತ್ತರ ಹತ್ತಿರ ಬರೋವರೆಗೂ ಹೊಳೆಯಲಿಲ್ಲ. ಅಣ್ಣ ‘ಸರಿ ಬುಡು’ ಅಂದು ಹೋದ. ಅವರಪ್ಪನ ಧಾಟಿಯಲ್ಲೇ.

ಆಮೇಲೆ ನಾನು ಮೈಸೂರಿನಲ್ಲಿ ಹಾಸ್ಟೆಲ್, ಇಂಜಿನಿಯರಿಂಗ್, ಬೆಂಗಳೂರಿನಲ್ಲಿ ಕೆಲಸ ಅಂತ ಹೊರಟುಬಿಟ್ಟೆ. ಅಣ್ಣ ಊರಲ್ಲೇ ಉಳಿದು ಚೆಂಡುಹೂವು, ಅರಿಶಿನ ಬೆಳೆದ. 2021ರಲ್ಲಿ ಕೊರೊನಾ ದೊಡ್ಡಪ್ಪನನ್ನು ಕರಕೊಂಡು ಹೋಯ್ತು. ಅಪ್ಪ ಹೊಲದ ಬದುವಿನ ಮೇಲೆ ದೂರದಲ್ಲಿ ನಿಂತು ನೋಡಿ ಬಂದರಂತೆ. ರೋಗದ ಭಯ ಅಂದರು. ನಾನೂ ಅದನ್ನೇ ಒಪ್ಪಿಕೊಂಡೆ.

2024ರ ಜನವರಿಯಲ್ಲಿ ನಿಂಟೆಂಡೋ ತನ್ನ ಸ್ವಿಚ್ ಚಂದಾದಾರರಿಗೆ ಎರಡೂ ‘ಗೋಲ್ಡನ್ ಸನ್’ ಬಿಡುಗಡೆ ಮಾಡಿತು. ಸಹೋದ್ಯೋಗಿಯೊಬ್ಬರ ಹತ್ತಿರ ಸ್ವಿಚ್ ಇತ್ತು, ಎರವಲು ತಂದೆ. ಮೊದಲ ಭಾಗ ನನಗೆ ಬಾಯಿಪಾಠ. ನೇರ ಎರಡನೇದಕ್ಕೆ ಹೋದೆ: ‘ದಿ ಲಾಸ್ಟ್ ಏಜ್’, ಜಪಾನಿನಲ್ಲಿ 2002ರಲ್ಲಿ ಬಂದಿದ್ದು. ಆಟ ಶುರುವಾದರೆ ಐಸಾಕ್ ಎಲ್ಲೂ ಇಲ್ಲ. ನಾನು ನಡೆಸಬೇಕಾದ ನಾಯಕ ಫೀಲಿಕ್ಸ್. ನಮ್ಮ ಕಳ್ಳ!

ಇನ್ನೊಂದು ಬೆರಗು ಇತ್ತು. ಫೀಲಿಕ್ಸ್‌ನ ಗುಂಪು ಸಮುದ್ರದಲ್ಲಿ ತೇಲಿ ಬಂದು ಸೇರೋ ನೆಲದ ಹೆಸರು ‘ಇಂದ್ರ’. ಅಲ್ಲಿ ‘ಮದ್ರ’ ಅನ್ನೋ ಊರಿದೆ. ಅಲ್ಲಿಗೆ ಹೋಗೋ ದಾರಿಯಲ್ಲಿ ‘ದೆಹ್ಕನ್’ ಪ್ರಸ್ಥಭೂಮಿ ದಾಟಬೇಕು. ನಮ್ಮ ದಖ್ಖನ್! ಬೆಂಗಳೂರಿನ ಪಿಜಿ ಕೋಣೆಯಲ್ಲಿ ಕೂತು ಒಬ್ಬನೇ ನಕ್ಕೆ. ಗುಂಡ್ಲುಪೇಟೆ ಅಂದರೆ ದಖ್ಖನ್ ಮುಗಿದು ನೀಲಗಿರಿ ಶುರುವಾಗೋ ಅಂಚು. ಗೋಪಾಲಸ್ವಾಮಿ ಬೆಟ್ಟದ ಮೇಲೆ ನಿಂತು ಬಡಗಣಕ್ಕೆ ನೋಡಿದರೆ ಬಯಲು, ತೆಂಕಣಕ್ಕೆ ನೋಡಿದರೆ ಬಂಡೀಪುರದ ಕಾಡು, ಅದರಾಚೆ ನೀಲಗಿರಿ. ನಮ್ಮ ಭೂಗೋಳ ಪುಸ್ತಕದ ಹೆಸರು ಜಪಾನಿ ಆಟದೊಳಗೆ ಇತ್ತು, ತೋರಿಸೋಕೆ ಪಕ್ಕದಲ್ಲಿ ಅಣ್ಣ ಇರಲಿಲ್ಲ.

ಮದ್ರ ಊರಿನಲ್ಲಿ ಪಿಯರ್ಸ್ ಅನ್ನೋನು ಜೈಲಿನಲ್ಲಿರ್ತಾನೆ. ಕಡಲ್ಗಳ್ಳರು ಬಂದು ಹೋದ ಸಿಟ್ಟಿಗೆ ಊರಿನವರು ಅವನನ್ನು ಹಿಡಿದು ಹಾಕಿದ್ದಾರೆ. ತಪ್ಪು ಅವನದಲ್ಲ. ಶೀಬಾ ಅನ್ನೋ ಹುಡುಗಿಗೆ ಎದುರಿಗಿರುವವರ ಮನಸ್ಸು ಓದೋ ವಿದ್ಯೆ ಬರುತ್ತೆ. ಊರವರ ಹತ್ತಿರ ಒಂದು ಸಲ ಮಾತಾಡಿ, ಒಂದು ಸಲ ಮನಸ್ಸು ಓದಿ ನೋಡಿ. ಎರಡೂ ಒಂದೇ ಇರಲ್ಲ.

ಹೋಗ್ತಾ ಹೋಗ್ತಾ ಗೊತ್ತಾಗುತ್ತೆ. ದೀಪಸ್ತಂಭ ಹಚ್ಚದಿದ್ದರೇ ಜಗತ್ತು ಅಂಚಿನಿಂದ ಕುಸಿದು ಮುಗಿಯೋದು. ಬಿರುಗಾಳಿ ರಾತ್ರಿ ಹೊಳೆ ಪಾಲಾದವರು ಸತ್ತಿಲ್ಲ, ಒತ್ತೆಯಾಗಿದ್ದಾರೆ. ಫೀಲಿಕ್ಸ್‌ನ ಅಪ್ಪ ಅಮ್ಮ ಮಾತ್ರ ಅಲ್ಲ, ಐಸಾಕ್‌ನ ಅಪ್ಪನೂ. ತನ್ನನ್ನು ಕಳ್ಳ ಅಂತ ಅಟ್ಟಿಸಿಕೊಂಡು ಬರೋ ಹುಡುಗನ ಅಪ್ಪ ಬದುಕಿರೋ ವಿಷಯ ಫೀಲಿಕ್ಸ್‌ಗೆ ಗೊತ್ತಿತ್ತು, ಆದರೆ ಅವನು ಬಾಯಿ ಬಿಟ್ಟು ಹೇಳಿರಲಿಲ್ಲ. ಮೂರನೇ ದೀಪಸ್ತಂಭದಲ್ಲಿ ಎರಡು ಗುಂಪೂ ಎದುರಾಗಿ, ಆಮೇಲೆ ಒಂದು ಮನೆಯಲ್ಲಿ ಎಲ್ಲರೂ ಕೂತು ಮಾತಾಡ್ತಾರೆ. ಎಂಟು ಜನ ಒಂದಾಗ್ತಾರೆ.

ಆ ಹೊತ್ತಿಗೆ ನನ್ನ ಆಟದಲ್ಲೂ ಐಸಾಕ್ ಬಂದ. ಪಾಸ್‌ವರ್ಡ್ ಕೊಡದಿದ್ದರೆ ಆಟವೇ ಅವನಿಗೊಂದು ಮಟ್ಟ ಕೊಟ್ಟು ಸೇರಿಸುತ್ತೆ. ಹೆಸರು ಅದೇ, ಮುಖ ಅದೇ. ಜಗಲಿ ಮೇಲೆ ಅಣ್ಣ ಬೆಳೆಸಿದ ಐಸಾಕ್ ಮಾತ್ರ ಅಲ್ಲ. 2006ರಲ್ಲಿ ಅಣ್ಣನಿಗೂ ಇಂಥದೇ ಅಪರಿಚಿತ ಐಸಾಕ್ ಸಿಕ್ಕಿರಬೇಕು. ನಾನು ಸ್ವಿಚ್ ಆಫ್ ಮಾಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಮುಂದಿನ ವಾರ ಊರಿಗೆ ಹೋಗಿ ಅಟ್ಟದ ಟ್ರಂಕ್ ತೆಗೆದೆ. ಪುಸ್ತಕ ಇತ್ತು. ಬೆಂಗಳೂರಿಗೆ ತಂದು ಹೊಸ ಆಟ ಶುರು ಮಾಡಿ 260 ಅಕ್ಷರ ಒತ್ತಿದೆ. ತಪ್ಪು ಅಂತು. ಮತ್ತೆ ಒತ್ತಿದೆ, ಮತ್ತೆ ತಪ್ಪು. ಎರಡು ಕಡೆ ‘ಕ್ಯೂ’ನೋ ‘ಜಿ’ನೋ ತಿಳಿಯಲ್ಲ, ಒಂದು ಕಡೆ ಹುಳು ತಿಂದು ತೂತಾಗಿದೆ. ಒಂದೊಂದೇ ಬದಲಿಸಿ ನೋಡುತ್ತಾ ಹೋಗಿದ್ದರೆ ಯಾವತ್ತೋ ಒಂದು ದಿನ ಸಿಕ್ಕಿರೋದು, ನನ್ನ ಕಸುಬೇ ಅದು. ಆದರೆ ಬರೆದವನು ಬದುಕಿದ್ದಾನೆ, ಅವನ ನಂಬರ್ ಅಮ್ಮನ ಫೋನಿನಲ್ಲಿದೆ.

ಫೋನ್ ಮಾಡಿದೆ. ಹೆಸರು ಹೇಳಿದ ಮೇಲೆ ಆ ಕಡೆ ಒಂದು ಕ್ಷಣ ಮೌನ.

‘ಅಣ್ಣಾ, ಆ ಪುಸ್ತಕ ನಾನು ಹರಿದು ಹಾಕಿರಲಿಲ್ಲ.’

‘ಗೊತ್ತು ಕಣ್ಲಾ. ನಿನ್ ಚೀಲ್ದಲ್ಲಿ ಅದರ ರಟ್ಟು ಕಾಣ್ತಿತ್ತು.’

ಹದಿನೆಂಟು ವರ್ಷ ಅವನಿಗೆ ಗೊತ್ತಿತ್ತು. ನಾನು ವಾಟ್ಸಾಪಿನಲ್ಲಿ ಹಾಳೆಯ ಫೋಟೋ ಕಳಿಸಿದೆ. ‘ನನ್ ಕ್ಯೂ ಬಾಲ ಬಲಕ್ಕೆ ಓಯ್ತದೆ, ಜಿ ಬಾಲ ಎಡಕ್ಕೆ. ಮೊದಲನೇದು ಜಿ, ಎರಡನೇದು ಕ್ಯೂ. ತೂತಾಗಿರೋ ಕಡೆ ಕೆಳಗೆ ಎರಡು ಕಾಲು ಉಳಕಂಡವೆ ನೋಡು, ಕುಂಟೆಬಿಲ್ಲೆ ಹಾಕು.’

ಹಾಕಿದೆ. ಸರಿ ಹೋಯ್ತು.

ಆಮೇಲೆ ವಾರಕ್ಕೊಮ್ಮೆ ಮಾತು ಶುರುವಾಯ್ತು. ಆಟದ ಮಾತೇ ಜಾಸ್ತಿ. ಒಂದು ದಿನ ನಾನೇ ಧೈರ್ಯ ಮಾಡಿ ಜಮೀನಿನ ವಿಷಯ ಎತ್ತಿದೆ. ಅವನು ವಾದ ಮಾಡಲಿಲ್ಲ. ದೊಡ್ಡಪ್ಪನ ಪಾಕೆಟ್ ಪುಸ್ತಕದ ನಾಲ್ಕು ಪುಟದ ಫೋಟೋ ಕಳಿಸಿದ. ಬರದ ವರ್ಷಗಳಲ್ಲಿ ಕೊರೆಸಿದ ಮೂರು ಬೋರ್‌ವೆಲ್, ಮೂರೂ ಫೇಲು. ಅದರಲ್ಲಿ ಎರಡು ನಮ್ಮ ಪಾಲಿಗೆ ಬಂದ ಹೊಲದಲ್ಲಿ. ಕೈಸಾಲ, ಬಡ್ಡಿ, ಬಡ್ಡಿಗೆ ಬಡ್ಡಿ. ಕೊನೇ ಪುಟದಲ್ಲಿ ಜಮೀನು ಮಾರಿದ ಮೊತ್ತ, ಅದರ ಕೆಳಗೆ ಉದ್ದಕ್ಕೆ ಒಂದು ಗೆರೆ. ದುಬೈ ಅನ್ನೋ ಮಾತೇ ಅಲ್ಲಿರಲಿಲ್ಲ.

‘ತಮ್ಮಂಗೆ ಗೊತ್ತಾದ್ರೆ ನಿನ್ನ ಓದು ನಿಲ್ಲಿಸ್ತಾನೆ ಅಂತ ಅಪ್ಪಂಗೆ ಭಯ’ ಅಂದ ಅಣ್ಣ. ಸ್ವಲ್ಪ ತಡೆದು, ‘ಆದ್ರೂ ಹೇಳ್ಬೇಕಿತ್ತು ಕಣ್ಲಾ. ಹೇಳ್ದೆ ಮಾರಿದ್ದು ತಪ್ಪೇ’ ಅಂದ.

ಹೌದು, ತಪ್ಪೇ. ಆ ಕಡೆಯ ಕತೆ ಕೇಳಿದ ಮಾತ್ರಕ್ಕೆ ದೊಡ್ಡಪ್ಪ ದೇವರಾಗಲಿಲ್ಲ. ಆದರೆ ನನ್ನ ಮನೆಯಲ್ಲಿ ಇಷ್ಟು ವರ್ಷ ಸಾಗಿ ಬಂದಿದ್ದು ಕಂಚಿನ ಪಾಸ್‌ವರ್ಡ್: ‘ಅವರು ಮೋಸ ಮಾಡಿದರು.’ ಬರೆದುಕೊಳ್ಳೋಕೆ ಸುಲಭ, ನೆನಪಿಡೋಕೆ ಸುಲಭ. ಮೂರು ಬೋರ್‌ವೆಲ್, ಬಡ್ಡಿ, ನನ್ನ ಶಾಲೆ ಫೀಸು, ಒಬ್ಬ ಅಣ್ಣನ ಹಟಮಾರಿ ಮೌನ ಇವೆಲ್ಲ ಅದರಲ್ಲಿ ಹಿಡಿಸಲ್ಲ.

ಫೋಟೋಗಳನ್ನು ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದರು. ಅಣ್ಣನ ಕೈಬರಹ ಅಂತ ಗುರುತು ಹಿಡಿಯೋಕೆ ಒಂದು ಸಾಲೂ ಬೇಕಾಗಲಿಲ್ಲ. ಏನೂ ಅನ್ನದೆ ಎದ್ದು ಹಿತ್ತಲಿಗೆ ಹೋದರು, ರಾತ್ರಿ ಊಟಕ್ಕೆ ಬರಲಿಲ್ಲ. ಎರಡು ದಿನ ಬಿಟ್ಟು, ‘ಶ್ರಾವಣ ಶನಿವಾರ ಬೆಟ್ಟಕ್ಕೆ ಹೋಗದಾ? ಅತ್ಗೆ ಬತ್ತಾರಾ ಕೇಳು’ ಅಂದರು.

ಆಟದ ಕೊನೆಯನ್ನು ಹೇಳಿಬಿಡ್ತೀನಿ, ಇಷ್ಟು ಹಳೆಯ ಆಟ, ಬೈಯಬೇಡಿ. ಕೊನೇ ದೀಪಸ್ತಂಭದ ಮೇಲೆ ಮೂರು ತಲೆಯ ಡ್ರ್ಯಾಗನ್ ಬರುತ್ತೆ. ಎಂಟೂ ಜನ ಸೇರಿ ಹೊಡೆದು ಕೆಡವಿದ ಮೇಲೆ ಗೊತ್ತಾಗುತ್ತೆ, ಅದು ಐಸಾಕ್‌ನ ಅಪ್ಪ ಮತ್ತು ಫೀಲಿಕ್ಸ್‌ನ ಅಪ್ಪ ಅಮ್ಮ. ಆಟದಲ್ಲಿ ದೀಪ ಹಚ್ಚಿದ ಮೇಲೆ ಅವರು ಬದುಕ್ತಾರೆ. ನಮ್ಮ ದೊಡ್ಡಪ್ಪ ಬದುಕಲಿಲ್ಲ. ನಾನು ಎರಡನೇ ಭಾಗ ಆಡೋ ಹೊತ್ತಿಗೆ ಮೂರು ವರ್ಷ ತಡವಾಗಿತ್ತು.

ಆ ಶನಿವಾರ ಬಸ್ಸಿನಲ್ಲಿ ಅಪ್ಪ ಮುಂದಿನ ಸೀಟಲ್ಲಿ, ದೊಡ್ಡಮ್ಮ ಹಿಂದೆ. ಮಾತಿಲ್ಲ. 1,450 ಮೀಟರ್ ಎತ್ತರದ ಬೆಟ್ಟ, ಮೇಲೆ ಮಂಜು ಎಷ್ಟಿತ್ತು ಅಂದರೆ ಗೋಪುರ ಮೆಟ್ಟಿಲ ಹತ್ತಿರ ಹೋಗೋವರೆಗೂ ಕಾಣಲಿಲ್ಲ. ಗರ್ಭಗುಡಿ ಬಾಗಿಲ ಮೇಲಿನ ತಂಪು ನೀರನ್ನು ಅರ್ಚಕರು ಎಲ್ಲರ ತಲೆಗೂ ಚಿಮುಕಿಸಿದರು. ಹೊರಗೆ ಬಂದಾಗ ದೊಡ್ಡಮ್ಮ ಸೆರಗು ಹೊದ್ದು ನಡುಗ್ತಾ ನಿಂತಿದ್ದರು. ಅಪ್ಪ ತಮ್ಮ ಶಾಲು ತೆಗೆದು ಚಾಚಿದರು.

‘ಚಳಿ ಅದೆ ಅತ್ಗೆ, ಹೊದ್ಕಳಿ.’

ದೊಡ್ಡಮ್ಮ ಶಾಲನ್ನು ಹೊದೆಯಲಿಲ್ಲ. ಮುಖಕ್ಕೆ ಒತ್ತಿಕೊಂಡು ಅತ್ತರು. ಅಪ್ಪ ಮಂಜಿನ ಕಡೆ ತಿರುಗಿ ನಿಂತರು.

ನಾನೂ ಅಣ್ಣನೂ ಸ್ವಲ್ಪ ದೂರ ಹೋಗಿ ಕಲ್ಲಿನ ಮೇಲೆ ಕೂತೆವು. ಚೀಲದಿಂದ ಸ್ವಿಚ್ ತೆಗೆದು ಅವನ ಕೈಗೆ ಕೊಟ್ಟೆ. ಐಸಾಕ್ ಬಂದು ಸೇರಿದ ಜಾಗದಲ್ಲಿ ಸೇವ್ ಮಾಡಿಟ್ಟಿದ್ದೆ. ಅವನು ಐಸಾಕ್‌ನ ಚೀಲ ತೆರೆದು ನೋಡಿದ. 2005ರಲ್ಲಿ ನನ್ನ ಕಾಟಕ್ಕೆ ಕೊಂಡಿದ್ದ ಗಿಡಮೂಲಿಕೆ ಅಲ್ಲೇ ಇತ್ತು.

‘ಇನ್ನೂ ಅದಲ್ಲೋ!’ ಅಂದ. ಆಮೇಲೆ ಪರದೆಯನ್ನು ಬೆಳಕಿನ ಕಡೆ ವಾಲಿಸಿದ, ಬಿಸಿಲು ಬೇಕೇನೋ ಅನ್ನೋ ಹಾಗೆ.

ಕೊನೆಯ ದೀಪಸ್ತಂಭ ಇನ್ನೂ ಬಾಕಿ ಇತ್ತು. ಅಣ್ಣನೇ ಆಡಿದ. ಬಸ್ ಬರೋವರೆಗೂ ನಾನು ಪಕ್ಕದಲ್ಲಿ ಕೂತು ನೋಡಿದೆ.