ಬಾಲದ ಕಡೆಯ ಉಪಸರ್ಗ

ಸಿರಸಿ ಇರಲಿ, ಸಿದ್ದಾಪುರ ಇರಲಿ, ಯಲ್ಲಾಪುರ ಇರಲಿ, ನಮ್ಮ ಕಡೆಯ ಕಚೇರಿಗಳಲ್ಲಿ ಅತಿ ಹೆಚ್ಚು ಕಿವಿಗೆ ಬೀಳುವ ಇಂಗ್ಲಿಷ್ ಯಾವುದೆಂದು ಕೇಳಿದರೆ ನಾನು ‘ಪುಟಪ್’ ಎನ್ನುತ್ತೇನೆ. ‘ನಾಳೆ ಪುಟಪ್ ಮಾಡ್ತೇನೆ, ನೀವು ಹೋಗಿ ಬನ್ನಿ.’ ಕಡತವನ್ನು ಸಾಹೇಬರ ಮುಂದೆ ಇಡುವುದು ಎಂದು ಅದರ ಅರ್ಥ. ಸೊಪ್ಪಿನ ಬೆಟ್ಟದ ತಕರಾರನ್ನೋ ಪಹಣಿಯ ತಿದ್ದುಪಡಿಯನ್ನೋ ಹಿಡಿದು ಬಂದ ಮುದುಕ ಕೊಡೆ ಎತ್ತಿಕೊಂಡು ತಲೆಯಾಡಿಸಿ ಹೊರಡುತ್ತಾನೆ. ಅವನಿಗೆ ಇಂಗ್ಲಿಷ್ ಬಾರದು. ಆದರೆ ಪುಟಪ್ ಎಂದರೆ ಇವತ್ತು ಕೆಲಸ ಆಗುವುದಿಲ್ಲ ಎಂಬುದು ಚೆನ್ನಾಗಿ ಗೊತ್ತು. ನಿಜವಾಗಿ ಅದಕ್ಕೆ ಇಂಗ್ಲಿಷಿನಲ್ಲಿ ಇರುವ ಮಾತು ‘ಪುಟ್ ಆಫ್’. ಅದನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ, ಒಂದು ತಂತಿಯಿಂದ.

1974ರ ವೈಶಾಖ. ನಾನು ಒಂಬತ್ತನೇ ಇಯತ್ತೆ ಮುಗಿಸಿ ಸಿದ್ದಾಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿದ್ದೆ. ಪಕ್ಕದ ಮನೆಯ ಅಕ್ಕನ ಮದುವೆಗೆ ಇನ್ನು ಐದು ದಿನ. ವರನ ಕಡೆಯವರು ಯಲ್ಲಾಪುರದವರು. ಅಡಿಕೆ ದಬ್ಬೆಯ ಚಪ್ಪರ ಎದ್ದಿತ್ತು, ಬೆಲ್ಲದ ಡಬ್ಬಿಗಳು ಬಂದಿದ್ದವು. ಆಗ ತಂತಿ ಬಂತು. ಆ ಕಾಲದಲ್ಲಿ ತಂತಿ ಎಂದರೆ ಸಾವು. ಒಡೆಯುವ ಮೊದಲೇ ಹೆಂಗಸರು ಅಳಲು ಸುರುಮಾಡುತ್ತಿದ್ದರು. ಕಾಗದ ನನ್ನ ಕೈಗೆ ಬಂತು. ‘ತಮಾ, ಎಂತ ಬರದ್ದ ನೋಡಿ ಹೇಳು.’

‘ಮ್ಯಾರೇಜ್ ಪುಟ್ ಆಫ್. ಲೆಟರ್ ಫಾಲೋಸ್.’ ಇಷ್ಟೇ.

ಮ್ಯಾರೇಜ್ ಗೊತ್ತು. ಪುಟ್ ಎಂದರೆ ಇಡು, ಅದೂ ಗೊತ್ತು. ಆಫ್ ಎಂಬುದು ಜಗುಲಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಏರಿನಲ್ಲಿ ಬಸ್ಸು ‘ಆಫ್ ಆಯಿತು’ ಎಂದರೆ ಅದು ನಿಂತಂತೆ. ಯಾರೋ ಮೆಲ್ಲಗೆ, ‘ಹಂಗಾರೆ ಮದ್ವೆ ನಿಂತ್ಹೋತು’ ಎಂದರು. ಅಕ್ಕನ ತಾಯಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಗೊತ್ತಾದ ಮದುವೆ ಮುರಿದ ಹುಡುಗಿಯ ಬಗ್ಗೆ ಊರು ಏನೇನು ಹೇಳುತ್ತದೆಂಬುದು ಅಲ್ಲಿದ್ದವರಿಗೆಲ್ಲ ತಿಳಿದಿತ್ತು. ಅಕ್ಕ ಕಂಬಕ್ಕೆ ಒರಗಿ ನಿಂತಿದ್ದಳು. ನಾನು, ‘ಎರಡೂ ಶಬ್ದ ಬೇರೆ ಬೇರೆ ಗೊತ್ತಿದ್ದು, ಒಟ್ಟಿಗೆ ಗೊತ್ತಿಲ್ಲೆ’ ಎಂದೆ. ಊಹಿಸಿ ಹೇಳುವ ವಿಷಯ ಅದಾಗಿರಲಿಲ್ಲ.

ಸೈಕಲ್ಲು ಹತ್ತಿ ಸಿದ್ದಾಪುರಕ್ಕೆ ಹೋದೆ. ಘಟ್ಟದ ಕೆಳಗಿನಿಂದ ಬಂದು ನೆಲೆಸಿದ್ದ ಇಂಗ್ಲಿಷ್ ಮಾಸ್ತರರು ರಜೆಯಲ್ಲೂ ಮನೆಯಲ್ಲಿದ್ದರು. ಓದಿ, ಕನ್ನಡಕ ತೆಗೆದು, ‘ನಿಂತಿಲ್ಲ ಮಾರಾಯ, ಮುಂದೆ ಹೋಗಿದೆ. ನಿಂತಿದ್ದರೆ ಕಾಲ್ಡ್ ಆಫ್ ಎಂದು ಬರೆಯುತ್ತಿದ್ದರು’ ಎಂದರು. ನಾನು ಓಡಲು ಹೊರಟರೆ ಕೈ ಹಿಡಿದು ಕೂರಿಸಿದರು. ಮಾಸ್ತರಿಕೆ ಹಾಗೆಯೇ. ‘ಪೋಸ್ಟ್‌ಪೋನ್ಡ್ ಎಂದಿದ್ದರೆ ಒಂದು ಶಬ್ದ ಉಳಿಯುತ್ತಿತ್ತು. ಇರಲಿ. ಪುಟ್ ಆಫ್ ದ ಮ್ಯಾರೇಜ್ ಎನ್ನು, ಪುಟ್ ದ ಮ್ಯಾರೇಜ್ ಆಫ್ ಎನ್ನು, ಎರಡೂ ಸರಿ. ಆದರೆ “ಇಟ್” ಬಂದರೆ ಪುಟ್ ಇಟ್ ಆಫ್. ಪುಟ್ ಆಫ್ ಇಟ್ ಅಲ್ಲ. ಸಂಕ ದಾಟುವಾಗ ಸಣ್ಣ ಮಕ್ಕಳನ್ನು ಇಬ್ಬರು ದೊಡ್ಡವರ ನಡುವೆ ಹಾಕಿಕೊಳ್ಳುವುದಿಲ್ಲವೇ, ಹಾಗೆ. ಅದರ ಮುಂದೆ ಇನ್ನೊಂದು ಕ್ರಿಯಾಪದ ಬಂದರೆ ಗೋಯಿಂಗ್. ಟು ಗೋ ಅಲ್ಲ.’ ಆ ಉರಿಬಿಸಿಲಿನಲ್ಲಿ ಕಲಿತ ವ್ಯಾಕರಣ ನನಗೆ ಇಂದಿಗೂ ಮರೆತಿಲ್ಲ.

ಎರಡು ದಿನಕ್ಕೆ ಕಾಗದ ಬಂತು. ವರನ ದಾಯಾದಿಯೊಬ್ಬರು ತೀರಿಕೊಂಡು ಸೂತಕ. ಜ್ಯೇಷ್ಠದ ಮುಹೂರ್ತಕ್ಕೆ, ಸೋರುವ ಚಪ್ಪರದಲ್ಲಿ, ಮದುವೆಯಾಯಿತು.

ಈ ಕತೆ ಕೇಳಿದ ನಮ್ಮ ದೊಡ್ಡಪ್ಪ ನಕ್ಕರು. ಪೌರೋಹಿತ್ಯದವರು, ಇಂಗ್ಲಿಷಿನ ಒಂದಕ್ಷರ ಬಾರದು. ‘ಇದರಲ್ಲಿ ಎಂತ ಹೊಸತು? ಹೃ ಧಾತುವಿಗೆ ಒಯ್ಯುವುದು ಎಂದರ್ಥ. “ಆ” ಸೇರಿದರೆ ಆಹಾರ, “ವಿ” ಸೇರಿದರೆ ವಿಹಾರ, “ಪ್ರ” ಸೇರಿದರೆ ಪ್ರಹಾರ, “ಸಂ” ಸೇರಿದರೆ ಸಂಹಾರ, “ಪರಿ” ಸೇರಿದರೆ ಪರಿಹಾರ. ಉಪಸರ್ಗ ಧಾತುವನ್ನು ಎಲ್ಲಿಗೆ ಬೇಕಾದರೂ ಎಳೆದೊಯ್ಯುತ್ತದೆ. ಇಂಗ್ಲಿಷಿನವರಿಗೆ ಅದು ಬಾಲದ ಕಡೆ ಬಂಜು, ಅಷ್ಟೇ.’ ಕಾಲೇಜಿನಲ್ಲಿ ಮುಂದೆ ದಪ್ಪ ದಪ್ಪ ವ್ಯಾಕರಣ ಪುಸ್ತಕಗಳನ್ನು ಓದಿದೆ. ದೊಡ್ಡಪ್ಪನಷ್ಟು ಚೊಕ್ಕವಾಗಿ ಯಾವುದೂ ಹೇಳಲಿಲ್ಲ.

ನಮ್ಮ ಕನ್ನಡವೂ ಕಡಿಮೆಯದಲ್ಲ. ಯಲ್ಲಾಪುರದ ಬ್ಯಾಂಕೊಂದಕ್ಕೆ ಕೇರಳದಿಂದ ಬಂದಿದ್ದ ಅಧಿಕಾರಿಯೊಬ್ಬರು ಛಲದಿಂದ ಕನ್ನಡ ಕಲಿಯುತ್ತಿದ್ದರು. ಹೇಳು ಮತ್ತು ಹೇಳಿಕೊಡು, ಬಿಡು ಮತ್ತು ಬಿಟ್ಟುಕೊಡು, ಹಚ್ಚು ಮತ್ತು ಹಚ್ಚಿಕೊಳ್ಳು, ಇವುಗಳ ನಡುವೆ ಸಿಕ್ಕಿ ಬೆವರುತ್ತಿದ್ದರು. ‘ತಾಯಿ ಊರಲ್ಲಿದ್ದಾರೆ, ತಂಗಿ ನೋಡುತ್ತಾಳೆ’ ಎಂದು ಒಮ್ಮೆ ನನ್ನಲ್ಲಿ ಹೇಳಿದರು. ನೋಡಿದರೆ ಸಾಲದು, ನೋಡಿಕೊಳ್ಳಬೇಕು ಎಂದೆ. ಆಗ ಅವರೇ, ‘ಲುಕ್ ಮತ್ತು ಲುಕ್ ಆಫ್ಟರ್!’ ಎಂದು ತೊಡೆ ತಟ್ಟಿಕೊಂಡರು.

ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. ಅದು ಪುಟ್ ಆಫ್ ಅಲ್ಲ, ನಿಜವಾದ ಆಫ್.

ಅಕ್ಕನಿಗೆ ಈಗ ಎಪ್ಪತ್ತು ದಾಟಿದೆ. ಭಾವ ತೀರಿಕೊಂಡು ಕೆಲವು ವರ್ಷವಾಯಿತು. ತೋಟದ ಮನೆಯಲ್ಲಿ ಅವಳು ಮತ್ತು ಒಬ್ಬ ಕೆಲಸದಾಕೆ. ಮಗ ಅಮೆರಿಕದಲ್ಲಿದ್ದಾನೆ. ಕಳೆದ ಬೇಸಿಗೆಯಲ್ಲಿ ನಾನು ಹೋಗಿದ್ದಾಗ ಅವನ ಫೋನು ಬಂತು. ‘ಆಯಿ, ಈ ಸಲ ಬಪ್ಪದು ಪುಟಾಫ್ ಆತು.’ ಅಕ್ಕ ಯಾರಲ್ಲೂ ಅರ್ಥ ಕೇಳಲಿಲ್ಲ. ‘ಅಡ್ಡಿಲ್ಲೆ, ಬಪ್ಪ ವರ್ಷ ಬಾ’ ಎಂದಳು. ಅವನಿಗೆಂದು ಒಣಗಿಸಿ ಕಟ್ಟಿಟ್ಟಿದ್ದ ಹಲಸಿನ ಹಪ್ಪಳದ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟುಕೊಡು ಎಂದು ನನ್ನ ಕೈಗೆ ಕೊಟ್ಟಳು.